ಎಡಗಾಲಿನ ಪಾಲು

ನನ್ನ ಎಡಗಾಲು ಮೈಗಳ್ಳ ಎಂಬುದು ನನಗೆ ಐವತ್ತೆರಡನೆಯ ವಯಸ್ಸಿನಲ್ಲಿ ಗೊತ್ತಾಯಿತು. ತಿಳಿಸಿದ್ದು ಒಂದು ಸೆನ್ಸರ್. ಸೈಕಲ್ಲಿನ ಪೆಡಲಿನೊಳಗೆ ಅಡಗಿ ಕೂತು, ಯಾವ ಕಾಲು ಎಷ್ಟು ದುಡಿಯಿತು ಎಂದು ಮೊಬೈಲಿಗೆ ಚಾಡಿ ಹೇಳುವುದೇ ಅದರ ಉದ್ಯೋಗ. ಮೊದಲ ದಿನದ ಚಾಡಿ ಹೀಗಿತ್ತು: ನೂರು ಪಾಲು ಕೆಲಸದಲ್ಲಿ ಬಲಗಾಲಿನದು ಅರವತ್ತೆರಡು, ಎಡಗಾಲಿನದು ಮೂವತ್ತೆಂಟು. ನಾನಂತೂ ಎರಡೂ ಕಾಲಿಗೆ ಒಂದೇ ಎಣ್ಣೆ ಹಚ್ಚಿ, ಒಂದೇ ಬಿಸಿನೀರು ಹಾಕಿ ಸಾಕಿದವಳು. ಭೇದಭಾವ ಮಾಡಿದ ನೆನಪಿಲ್ಲ.

ಎಡಗಾಲಿಗೆ ಒಂದು ನೆಪ ಇತ್ತು, ಅದನ್ನು ಮುಚ್ಚಿಡಬಾರದು. ನಾನು ನವನಗರದ ಒಂದು ಸಾಲಿಯಲ್ಲಿ ಭೂಗೋಳದ ಟೀಚರು. ರವಿವಾರ ಬೆಳಿಗ್ಗೆ ಸೈಕಲ್ ಹತ್ತಿ ತುಳಸಿಗೇರಿಯ ಹನುಮಪ್ಪನಿಗೆ ಹೋಗಿ ಬರುವುದು ನನ್ನ ವರ್ಷಗಳ ರೂಢಿ. ಹನುಮಪ್ಪನ ವಾರ ಶನಿವಾರ, ಖರೆ. ಆದರೆ ಶನಿವಾರ ನಮಗೆ ಬೆಳಗಿನ ಸಾಲಿ, ಹನುಮಪ್ಪನಿಗೂ ಗದ್ದಲ. ರವಿವಾರ ಇಬ್ಬರಿಗೂ ಪುರಸೊತ್ತು. ಅಂಥ ಒಂದು ರವಿವಾರ ರಸ್ತೆಯ ಮೇಲೆ ಚೆಲ್ಲಿದ್ದ ಮರಳಿನಲ್ಲಿ ಗಾಲಿ ಜಾರಿ ಬಿದ್ದೆ. ಎಡ ಮೊಣಕಾಲಿನ ಚಿಪ್ಪು ಎರಡಾಯಿತು. ಆಪರೇಷನ್ ಆಯಿತು, ಮೂಳೆಯೂ ಕೂಡಿತು. ಕೊನೆಗೆ ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ನನ್ನ ಕಾಲನ್ನು ಎತ್ತಿ ಇಳಿಸಿ ನೋಡಿ ತೀರ್ಪು ಕೊಟ್ಟಳು.

"ಟೀಚರ, ಮೂಳಿ ಕೂಡೇತ್ರಿ. ಆದ್ರ ಕಾಲು ಇನ್ನೂ ಅಂಜಾಕತ್ತೇತಿ. ಎರಡೂ ಕಾಲು ಸಮ ದುಡಿಯೂಮಟ ರೋಡಿಗೆ ಇಳಿಬ್ಯಾಡ್ರಿ. ಮನ್ಯಾಗ ತುಳೀರಿ."

ಇದನ್ನು ನಮ್ಮ ಮನೆಯವರು ಕೋರ್ಟಿನ ಆದೇಶದಂತೆ ಹಿಡಿದುಕೊಂಡರು. ಸಮ ಆಗುವತನಕ ರೋಡಿಗೆ ಇಲ್ಲ ಎಂದರು. ಸಮ ಆಗುವುದೇ ಇಲ್ಲ ಎಂಬ ಭರವಸೆ ಅವರ ಮುಖದ ಮೇಲೆ ಕಾಣುತ್ತಿತ್ತು. ಬೇಕಾದರೆ ಪ್ರತಿ ರವಿವಾರ ಕಾರಿನಲ್ಲಿ ಕರೆದೊಯ್ಯುತ್ತೇನೆ ಎಂದೂ ಹೇಳಿದರು. ಪಾಪ, ಅವರು ಹೆದರಿದ್ದರು. ಆದರೆ ನನಗೆ ಬೇಕಾಗಿದ್ದು ಆ ದಾರಿ. ಗದ್ದನಕೇರಿ ಕ್ರಾಸ್ ದಾಟಿದ ಮೇಲೆ ಎದೆಗೆ ಬಂದು ಬಡಿಯುವ ಗಾಳಿ, ಆ ಎರಡು ತಾಸು ಯಾರ ಸೊಸೆಯೂ ಯಾರ ಟೀಚರೂ ಆಗಿರದ ನಾನು. ಕಾರಿನ ಕಿಟಕಿಯಲ್ಲಿ ಅದು ಸಿಗುವುದಿಲ್ಲ. ಇನ್ನು ಎಂದೂ ಸಿಗಲಿಕ್ಕಿಲ್ಲ ಎಂದು ಅನ್ನಿಸಿದ ಒಂದು ಮಧ್ಯಾಹ್ನ ನಾನು ಸ್ಟಾಫ್ ರೂಮಿನಲ್ಲಿ ಕೂತು ಅತ್ತದ್ದುಂಟು.

ಹಾಗೆ ಮನೆಗೆ ಬಂದದ್ದು ಸ್ಮಾರ್ಟ್ ಟ್ರೇನರ್. ಅಂದರೆ ನಮ್ಮ ಸೈಕಲ್ಲಿನ ಹಿಂದಿನ ಗಾಲಿ ಬಿಚ್ಚಿಟ್ಟು, ಚೈನನ್ನು ನೇರವಾಗಿ ತೊಡಿಸುವ ಒಂದು ಭಾರದ ಯಂತ್ರ. ಮೊಬೈಲಿನ ಆ್ಯಪ್‌ನಲ್ಲಿ ರಸ್ತೆ ಏರಿದರೆ ಇಲ್ಲಿ ಪೆಡಲು ಬಿಗಿಯಾಗುತ್ತದೆ, ಇಳಿದರೆ ಹಗುರಾಗುತ್ತದೆ. ಪಡಸಾಲಿಯಲ್ಲಿ ನಾನು ಅದನ್ನು ಜೋಡಿಸುತ್ತಿರುವಾಗ ಅತ್ತೆ ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿದರು.

"ಯವ್ವಾ, ಹಿಂದಿನ ಗಾಲಿ ಎಲ್ಲಿ ಹೋತು?"

"ಬಿಚ್ಚಿಟ್ಟೇನ್ರಿ ಅತ್ತಿ. ಇದು ನಿಂತಲ್ಲೇ ಓಡೂ ಸೈಕಲ್ಲು."

ಅತ್ತೆ ಬಗ್ಗಿ ಇನ್ನೊಮ್ಮೆ ನೋಡಿದರು. "ಖರೆ ಬಿಡು. ನಿಂತಲ್ಲೇ ಓಡೂದಕ್ಕ ಗಾಲಿ ಯಾಕ ಬೇಕು?"

ಆದರೆ ಹೊಸ ಗಾಡಿ ಅಂದಮೇಲೆ ಪೂಜೆ ಆಗಲೇಬೇಕಲ್ಲ. ವಿಭೂತಿ, ಕುಂಕುಮ, ಊದಿನಕಡ್ಡಿ ಎಲ್ಲ ಬಂತು. ಟೆಂಗಿನಕಾಯಿ ಒಡೆದದ್ದೂ ಆಯಿತು. ಎಡವಟ್ಟಾದದ್ದು ಲಿಂಬಿಹಣ್ಣಿನಲ್ಲಿ. ಗಾಲಿಯ ಕೆಳಗೆ ಇಟ್ಟು ಗಾಡಿ ಮುಂದೆ ಹೋಗಿ ಅದನ್ನು ಜಜ್ಜಬೇಕು. ಈ ಗಾಡಿ ಮುಂದೆ ಹೋಗುವ ಜಾಯಮಾನದ್ದೇ ಅಲ್ಲ. ಅತ್ತೆ ಹಣ್ಣನ್ನು ವಾಪಸು ಸೆರಗಿಗೆ ಹಾಕಿಕೊಂಡು, "ಗಾಲಿ ಉರುಳಿದ ದಿನ ಇಡೂಣು. ಪೂಜಿ ಅರ್ಧಾನ ಆಗೇತಿ ಅಂತ ನೆಪ್ಪಿಟ್ಕೋ" ಎಂದರು. ನಾನು ಹತ್ತಲು ಹೋದಾಗ ಇನ್ನೊಂದು ಅಪ್ಪಣೆ: "ಬಲಗಾಲ ಮೊದಲ ಇಡವಾ." ಸೈಕಲ್ ಹತ್ತುವವರು ಎಡಗಾಲನ್ನು ಊರಿ ಬಲಗಾಲನ್ನು ಆಚೆ ಎಸೆಯುತ್ತಾರೆ. ನಾನು ಅತ್ತೆಯ ಮಾತಿಗಾಗಿ ಗೋಡೆಯ ಕಡೆಯ ಸಂದಿಯಲ್ಲಿ ತೂರಿ, ಬಲಗಾಲು ಮೊದಲಿಟ್ಟು, ಹೇಗೋ ಏರಿ ಕೂತೆ. ಎಡಗಾಲಿಗೆ ಅವಮಾನ ಅಲ್ಲಿಂದಲೇ ಶುರುವಾಗಿದ್ದಿರಬೇಕು.

ಏರಿ ಕೂತರೆ ಯಂತ್ರ ಮಾತಾಡಲಿಲ್ಲ. ಆ್ಯಪಿಗೂ ಟ್ರೇನರಿಗೂ ಮೊದಲು ಜೋಡಿ ಕೂಡಿಸಬೇಕು. ನೀಲಿ ದೀಪ ಮಿಣುಕುತ್ತಿರುವಾಗ ಇಂಥ ಗುಂಡಿ ಒತ್ತಿರಿ ಎಂದು ಪುಸ್ತಕದಲ್ಲಿ ಬರೆದಿತ್ತು. ದೀಪವೇ ಇಲ್ಲ. ಪ್ಲಗ್ ಬದಲಿಸಿದೆ, ಮೊಬೈಲ್ ಆರಿಸಿ ಹಚ್ಚಿದೆ, ವೈಫೈ ಪೆಟ್ಟಿಗೆಯನ್ನು ದೇವರ ಜಗುಲಿಯ ಮೇಲಿಂದ ತಂದು ಪಕ್ಕದಲ್ಲಿಟ್ಟೆ. "ಹುಡುಕುತ್ತಿದೆ, ಹುಡುಕುತ್ತಿದೆ" ಎಂದು ಆ್ಯಪ್ ಒಂದೇ ಸಮನೆ ಹೇಳುತ್ತಿತ್ತು. ಕನ್ಯೆ ನೋಡಲು ಊರೂರು ತಿರುಗುವ ಗಂಡಿನ ಕಡೆಯವರಿಗೂ ಇಷ್ಟು ಹೊತ್ತು ಹಿಡಿಯುವುದಿಲ್ಲ. ಯಂತ್ರ ಕೆಟ್ಟು ಬಂದಿದೆ ಎಂದು ತೀರ್ಮಾನಿಸಿ, ಕಳಿಸಿದವರಿಗೆ ಖಾರವಾದ ಪತ್ರ ಬರೆಯಲು ಕೂತಿದ್ದೆ. ಅಷ್ಟರಲ್ಲಿ ರಜಿಯಾ ಬಂದಳು.

ರಜಿಯಾ ನಮ್ಮ ಸಾಲಿಯ ವಿಜ್ಞಾನದ ಟೀಚರು, ನನ್ನ ಜೀವದ ಗೆಳತಿ. ಹಳೇ ಬಾಗಲಕೋಟೆಯ ಒಂದೇ ಓಣಿಯಲ್ಲಿ ಇಬ್ಬರೂ ಒಂದೇ ಸೈಕಲ್ಲಿನಿಂದ ಬಿದ್ದು ಸವಾರಿ ಕಲಿತವರು. ಆ ಓಣಿ ಈಗ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದೆ. ಅವಳು ಯಂತ್ರದ ಮುಂದೆ ಕುಕ್ಕರುಗಾಲಲ್ಲಿ ಕೂತು, ಅತ್ತೆ ಬಳಿದಿದ್ದ ಮೂರು ಬೆರಳಗಲದ ವಿಭೂತಿಯನ್ನು ದುಪಟ್ಟಾದಿಂದ ಮೆಲ್ಲಗೆ ಒರೆಸಿದಳು. ಕೆಳಗೆ ನೀಲಿ ದೀಪ ಮಿಣಮಿಣ ಎನ್ನುತ್ತಿತ್ತು. ಒಂದು ತಾಸಿನಿಂದ ಅದು ನನ್ನನ್ನು ಕೂಗುತ್ತಲೇ ಇತ್ತಂತೆ.

"ಏನಬೇ ಸುಮಿತ್ರಾ," ಎಂದಳು, "ದೇವರ ಹಣಿಗೆ ಹಚ್ಚೂದನ್ನ ಇದರ ಕಣ್ಣಿಗೆ ಹಚ್ಚೀರಿ. ಅದಕ್ಕ ಹೆಂಗ ಕಾಣಬೇಕು?"

ಜೋಡಿ ಕೂಡಿತು. ಎದೆಗೆ ಕಟ್ಟುವ ಪಟ್ಟಿ ನನ್ನ ಹೃದಯದ ಬಡಿತ ಎಣಿಸಿತು. ಆ್ಯಪ್ ನನ್ನ ತೂಕ ಕೇಳಿತು, ನಾನು ಮದುವೆಯ ಹೊಸದರಲ್ಲಿದ್ದ ತೂಕ ಹಾಕಿದೆ. ಆಗ ಎಂಥ ಗುಡ್ಡವನ್ನೂ ನಾನು ಹೂವಿನಂತೆ ಏರುತ್ತಿದ್ದೆ. ರಜಿಯಾ ಅನುಮಾನದಿಂದ ನೋಡಿದ್ದಕ್ಕೆ ಖರೆ ತೂಕ ಹಾಕಬೇಕಾಯಿತು. ಗುಡ್ಡಗಳು ಒಮ್ಮೆಲೆ ಕಡಿದಾದವು. ಇಳುಕಲು, ಏರು, ಸಮೋನ್ನತಿ ರೇಖೆ ಎಂದು ಇಪ್ಪತ್ತೈದು ವರ್ಷ ಕರೀ ಹಲಗೆಯ ಮೇಲೆ ಗೆರೆ ಎಳೆದವಳಿಗೆ ಒಂದು ಏರೆಂದರೆ ಏನು ಎಂಬುದು ತೊಡೆಯ ಮೂಲಕ ತಿಳಿದದ್ದು ಅವತ್ತು.

ಆ್ಯಪ್‌ನಲ್ಲಿ ಯಾವುಯಾವುದೋ ದೇಶದ ಹಿಮಗುಡ್ಡದ ರಸ್ತೆಗಳಿದ್ದವು. ಅಂದದ ರಸ್ತೆಗಳೇ, ಆದರೆ ಅಲ್ಲಿ ಒಂದು ಎಮ್ಮೆ ಅಡ್ಡ ಬರುವುದಿಲ್ಲ, ಕಬ್ಬಿನ ಟ್ರ್ಯಾಕ್ಟರ್ ಹಾಡು ಹಚ್ಚಿಕೊಂಡು ಎದುರಾಗುವುದಿಲ್ಲ. ಎರಡೇ ವಾರಕ್ಕೆ ಬ್ಯಾಸರಾಯಿತು. ಯಾರಾದರೂ ಮೊಬೈಲ್ ಇಟ್ಟುಕೊಂಡು ಒಂದು ರಸ್ತೆಯಲ್ಲಿ ಹೋಗಿ ಬಂದರೆ ಆ ರಸ್ತೆಯನ್ನೇ ಏರಿಳಿತದ ಸಮೇತ ಆ್ಯಪಿಗೆ ಹಾಕಬಹುದು ಎಂದು ಗೊತ್ತಾದಾಗ ನಾನು ಕೂಡಲೇ ರಜಿಯಾಳಿಗೆ ಫೋನು ಮಾಡಿದೆ. ಮರುದಿನವೇ ಅವಳು ಸ್ಕೂಟಿಯಲ್ಲಿ ನವನಗರದಿಂದ ತುಳಸಿಗೇರಿಗೆ ಹೋಗಿ ಬಂದು, ದಾರಿಯನ್ನು ನನ್ನ ಮೊಬೈಲಿಗೆ ಕಳಿಸಿದಳು.

ಹಚ್ಚಿಕೊಂಡು ತುಳಿದೆ. ಗದ್ದನಕೇರಿ ಕ್ರಾಸ್ ಬಂತು, ಹೋಯಿತು. ಕಣ್ಣು ಮುಚ್ಚಿದರೆ ಗಾಳಿಯೂ ಬಂದಂತಾಯಿತು. ತುಳಸಿಗೇರಿ ಇನ್ನೇನು ಬಂತು ಎನ್ನುವಾಗ ಆ್ಯಪ್‌ನೊಳಗಿನ ನನ್ನ ಸೈಕಲ್ ಥಟ್ಟನೆ ಎಡಕ್ಕೆ ಹೊರಳಿ, ಒಂದು ಹೊಲದ ದಾರಿ ಹಿಡಿದು, ತೊಡೆ ಹರಿಯುವಂಥ ಏರು ಏರಿ, ಒಂದು ಜಾಗದಲ್ಲಿ ಗಿರಗಿರ ಸುತ್ತಿ, ಮತ್ತೆ ಹೊಳ್ಳಿ ರಸ್ತೆಗೆ ಬಂತು. ರಜಿಯಾಳನ್ನು ಕೇಳಿದರೆ ಅವಳಿಗೆ ನಾಚಿಕೆಯೂ ಇಲ್ಲ.

"ಅಲ್ಲಿ ನಮ್ಮ ಯಲ್ಲವ್ವನ ಮನಿ ಐತೆಲಾ. ಆಕಿ ಮೊಮ್ಮಗಳು ನನ್ನ ಕಡೆ ಕಲ್ತಾಕಿ. ಕರದ್ಲು, ಚಾ ಕುಡ್ದು ಬಂದೆ. ಕರದ್ರ ಇಲ್ಲ ಅನ್ನಾಕ ಬರ್ತೈತೇನು?"

ಫೋನು ಪರ್ಸಿನಲ್ಲಿ ದಾರಿ ಬರೆಯುತ್ತಲೇ ಇತ್ತು. ಯಲ್ಲವ್ವನ ಅಂಗಳ, ಕುರಿಹಟ್ಟಿ, ಮನೆಯ ಮುಂದಿನ ಬೀರಪ್ಪನ ಕಟ್ಟೆ, ಎಲ್ಲಿ ರಜಿಯಾ ಅಡ್ಡಾಡಿದಳೋ ಅಲ್ಲೆಲ್ಲ ನಾನೂ ದಿನಾ ಅಡ್ಡಾಡಬೇಕಾಯಿತು. ಅಷ್ಟನ್ನು ಕತ್ತರಿಸಿ ತೆಗೆಯಬಹುದು ಎಂದು ಆ್ಯಪ್ ಹೇಳಿತು. ಹೇಗೆ ಎಂಬುದು ನನಗೆ ತಿಳಿಯಲಿಲ್ಲ. ಹೀಗಾಗಿ ಮೂರು ತಿಂಗಳು ನಾನು ಪ್ರತಿದಿನ ಕಾಣದ ಒಬ್ಬಳ ಮನೆಯ ಏರು ಹತ್ತಿ, ಚಹಾ ಕುಡಿಯದೆ ವಾಪಸು ಬಂದೆ.

"ಇಷ್ಟ ತುಳದು ಎಲ್ಲಿಗೆ ಹೋದಿ?" ಎಂದು ಮನೆಯವರು ದಿನಾ ಕೇಳುತ್ತಿದ್ದರು. ಆಗ ನನಗೆ ನನ್ನ ನೇಕಾರ ಅಜ್ಜ, ಇಳಕಲ್ಲಿನ ಮುತ್ಯಾ, ನೆನಪಾಗುತ್ತಿದ್ದ. ನೆಲದಲ್ಲಿ ಕುಣಿ ತೋಡಿ ಹೂಡಿದ ಮಗ್ಗದ ಮುಂದೆ, ಕುಣಿಯೊಳಗೆ ಕಾಲು ಇಳಿಬಿಟ್ಟು ಬೆಳಗಿನಿಂದ ಸಂಜೆಯತನಕ ತುಳಿಯುತ್ತಿದ್ದ. ಕೂತ ಜಾಗದಿಂದ ಒಂದು ಗೇಣೂ ಸರಿಯಲಿಲ್ಲ. ಅವನು ನೇಯ್ದ ಸೀರೆಗಳು ಮಾತ್ರ ಎಲ್ಲೆಲ್ಲಿಗೋ ಹೋದವು. ಎಡಗಾಲು ಬಲಗಾಲು ಸಮನಾಗಿ ತುಳಿಯದಿದ್ದರೆ ನೇಯ್ಗೆಯಲ್ಲೇ ಗೊತ್ತಾಗುತ್ತಿತ್ತು. ಮುತ್ಯಾನ ಸೆನ್ಸರ್ ಆ ಸೀರೆ. ಇನ್ನೂ ಹಿಂದಕ್ಕೆ ಹೋಗುವುದಾದರೆ ಐಹೊಳೆಯ ಗುಡಿಗಳನ್ನು ನೋಡಿ. ಅಲ್ಲಿ ಕಲ್ಲಿನಲ್ಲಿ ಹಾರುವ ಗಂಧರ್ವ ಜೋಡಿಗಳಿವೆ. ಅವಕ್ಕೆ ರೆಕ್ಕೆ ಇಲ್ಲ. ಶಿಲ್ಪಿ ಅವುಗಳ ಮೊಣಕಾಲನ್ನು ಹಿಂದಕ್ಕೆ ಮಡಚಿಟ್ಟಿದ್ದಾನೆ, ಅಷ್ಟೇ. ನೋಡುವವರಿಗೆ ಅವು ಹಾರುತ್ತಿವೆ. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗಲೆಲ್ಲ ನಾನು ಅವನ್ನು ಕಲೆ ಎಂದು ತೋರಿಸುತ್ತಿದ್ದೆ. ಮೊಣಕಾಲು ಒಡೆದುಕೊಂಡ ಮೇಲೆ ತಿಳಿಯಿತು, ಆ ಶಿಲ್ಪಿಗೆ ಮೊಣಕಾಲಿನ ಬೆಲೆ ಗೊತ್ತಿತ್ತು.

ಇಷ್ಟೆಲ್ಲ ಪಾಂಡಿತ್ಯದಿಂದ ಎಡಗಾಲು ಸುಧಾರಿಸಲಿಲ್ಲ. ಮೂವತ್ತೆಂಟರಿಂದ ನಲವತ್ತನಾಲ್ಕಕ್ಕೆ ಬಂದು ಅಲ್ಲೇ ಮೊಂಡ ಎತ್ತಿನಂತೆ ಕೂತುಬಿಟ್ಟಿತು. ನಾನು ಅಂಕಿಯನ್ನು ದಿಟ್ಟಿಸಿಕೊಂಡು, ಬೈದು, ರಮಿಸಿ ತುಳಿದೆ. ನೋಡಿದಷ್ಟೂ ಅದು ಇಳಿಯುತ್ತಿತ್ತು. ಒಂದು ದಿನ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಯಲ್ಲವ್ವನ ಏರಿನಲ್ಲಿ ಮಾತ್ರ ಎರಡೂ ಕಾಲು ಹೆಚ್ಚುಕಮ್ಮಿ ಸಮ! ಅಲ್ಲಿ ನಾನು ಕಾಲನ್ನು ಮರೆತು ರಜಿಯಾಳನ್ನು ಬೈಯುತ್ತಿದ್ದೆನಲ್ಲ, ಅದಕ್ಕೆ. ತಲೆಯ ಮೇಲೆ ಟೀಚರು ನಿಂತರೆ ಬರೆಯಲಾರದ ಹುಡುಗಿ, ಟೀಚರು ಅತ್ತ ಹೋದೊಡನೆ ಚಂದವಾಗಿ ಬರೆಯುವುದನ್ನು ನಾನು ಎಷ್ಟು ಸಲ ನೋಡಿಲ್ಲ? ನನ್ನ ಹಣೆಯ ಟಿಕಳಿಯನ್ನು ಕಿತ್ತು ಮೊಬೈಲಿನ ಆ ಅಂಕಿಯ ಮೇಲೆ ಅಂಟಿಸಿಬಿಟ್ಟೆ.

ಟಿಕಳಿ ಹಾಗೇ ಇತ್ತು, ನಾನು ಹಾಗೇ ತುಳಿದೆ. ಎಷ್ಟೋ ವಾರಗಳ ನಂತರ, ಯಲ್ಲವ್ವನ ಏರು ಇಳಿದು ಹನುಮಪ್ಪನ ಬಾಗಿಲು ಮುಟ್ಟಿದ ಮೇಲೆ ಉಗುರಿನಿಂದ ಅದನ್ನು ಎಬ್ಬಿಸಿ ನೋಡಿದೆ. ಐವತ್ತು, ಐವತ್ತು. ನಾನು ಸೀಟಿನ ಮೇಲೆ ಕೂತೇ ಕೂಗಿದ ಕೂಗಿಗೆ ಅತ್ತೆ ಅಡುಗೆಮನೆಯಿಂದ ಲಟ್ಟಣಿಗೆ ಹಿಡಿದುಕೊಂಡೇ ಓಡಿ ಬಂದರು.

ಮನೆಯವರು ನಂಬಲಿಲ್ಲ. "ಮಷಿನ್ ಕೆಟ್ಟೈತಿ" ಎಂದು ತಾವೇ ಹತ್ತಿ ಹತ್ತು ಮಿನಿಟು ತುಳಿದರು. ಬಲಗಾಲು ಐವತ್ತೇಳು, ಎಡಗಾಲು ನಲವತ್ಮೂರು. ತೀರ್ಪು ಕೊಟ್ಟದ್ದು ಅತ್ತೆ. "ಲೇ ತಮ್ಮಾ, ನಿಂದ ಸಮ ಇಲ್ಲ. ಇನ್ನ ಮ್ಯಾಲ ನೀ ರೋಡಿಗೆ ಇಳೀಬ್ಯಾಡ, ಆಕಿ ಹೋಗ್ಲಿ."

ಆ ರವಿವಾರ ಹಿಂದಿನ ಗಾಲಿ ತನ್ನ ಜಾಗಕ್ಕೆ ಬಂತು. ಅತ್ತೆ ಸೆರಗಿನಿಂದ ಹೊಸ ಲಿಂಬಿಹಣ್ಣು ತೆಗೆದು ಅಂಗಳದಲ್ಲಿ ಗಾಲಿಯ ಕೆಳಗಿಟ್ಟರು. ನಾನು ಹತ್ತಿದೆ. ಫಟ್ ಎಂದಿತು. ನಾಲ್ಕು ತಿಂಗಳ ಪೂಜೆ ಮುಗಿಯಿತು. ಗದ್ದನಕೇರಿ ಕ್ರಾಸ್ ದಾಟಿದೊಡನೆ ಗಾಳಿ ಬಂದು ಎದೆಗೆ ಬಡಿಯಿತು, ನನಗೆ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಹ್ಯಾಂಡಲ್ ಬಿಡುವ ಧೈರ್ಯವಾಗಲಿಲ್ಲ. ಮರಳಿನಲ್ಲಿ ಬಿದ್ದಿದ್ದ ಜಾಗವನ್ನು ಗಟ್ಟಿ ಉಸಿರು ಹಿಡಿದು ದಾಟಿದೆ. ತುಳಸಿಗೇರಿ ಇನ್ನೇನು ಬಂತು. ಅಷ್ಟರಲ್ಲಿ, ದೇವರಾಣೆ, ನಾನು ತಿರುಗಿಸಲಿಲ್ಲ, ಹ್ಯಾಂಡಲ್ ತಾನೇ ಎಡಕ್ಕೆ ಹೊರಳಿತು. ಆ ಏರಿನ ಒಂದೊಂದು ಮಾರೂ ನನ್ನ ತೊಡೆಗೆ ಗೊತ್ತಿತ್ತು. ಕುರಿಹಟ್ಟಿ ಇತ್ತು. ಬೀರಪ್ಪನ ಕಟ್ಟೆ ಇತ್ತು. ಕಟ್ಟೆಯ ಮೇಲೆ ಕೂತಿದ್ದ ಮುದುಕಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

"ಯಾರಬೇ ಅದು?"

"ರಜಿಯಾ ಟೀಚರ ಗೆಳತಿ ಯಲ್ಲವ್ವಾ. ಮೂರು ತಿಂಗಳಾತು, ದಿನಾ ನಿಮ್ಮ ಬಾಗಲಮಟ ಬಂದು ಹೊಳ್ಳಿ ಹೋಗಾಕತ್ತೇನಿ."

ಬೇರೆ ಯಾರಾದರೂ ಆಗಿದ್ದರೆ ಅದು ಹೇಗೆ ಎಂದು ಕೇಳುತ್ತಿದ್ದರು, ನಾನು ಸೆನ್ಸರು, ಆ್ಯಪು, ಉಪಗ್ರಹ ಎಲ್ಲ ವಿವರಿಸಲು ಸಜ್ಜಾಗಿದ್ದೆ. ಯಲ್ಲವ್ವನ ಮುಖ ಸಣ್ಣದಾಯಿತು.

"ಅಯ್ಯ ಅಕ್ಕೋರ! ದಿನಾ ಬಾಗಲಮಟ ಬಂದು, ಒಂದಿನಾನೂ ಚಾ ಕುಡಿಲಾರದ ಹೋದ್ರಿ? ಏನ ಸಿಟ್ಟಿತ್ರಿ ನಮ್ಮ ಮ್ಯಾಲ?"

ಅವಳು ಕಟ್ಟೆಯಿಂದ ಇಳಿದು, "ಬರ್ರಿ, ಬಲಗಾಲಿಟ್ಟು ಒಳಗ ಬರ್ರಿ" ಎನ್ನುತ್ತ ಒಲೆಯ ಕಡೆಗೆ ನಡೆದಳು. ಹನುಮಪ್ಪ ಇನ್ನೂ ಮುಂದಿದ್ದ. ಇಷ್ಟು ತಿಂಗಳು ಕಾದವನಿಗೆ ಇನ್ನೊಂದು ಅರ್ಧ ತಾಸು ಭಾರವಾಗುವುದಿಲ್ಲ. ನಾನು ಚಪ್ಪಲಿ ಬಿಟ್ಟು ಹೊಸ್ತಿಲ ಮುಂದೆ ನಿಂತೆ. ಹುಟ್ಟಿದಾಗಿನಿಂದ ಎಲ್ಲ ಹೊಸ್ತಿಲುಗಳನ್ನೂ ಬಲಗಾಲಿನಿಂದಲೇ ದಾಟಿದವಳು ನಾನು. ಯಲ್ಲವ್ವ ಬೆನ್ನು ತಿರುಗಿಸಿ ಒಲೆ ಊದುತ್ತಿದ್ದಳು. ಅವಳು ಈ ಕಡೆ ನೋಡುವುದರೊಳಗೆ ಎಡಗಾಲನ್ನು ಮುಂದಿಟ್ಟೆ.