ಕ್ಷೌರದಂಗಡಿಯ ಅತ್ತೆಯ ಎಡಗಣ್ಣು

ಕಣ್ಣು ಬದಲಾಯಿಸುವುದೆಂದರೆ ಇಡೀ ಗುಡ್ಡೆಯನ್ನೇ ಕಿತ್ತು ಬೇರೆಯದನ್ನು ಕೂರಿಸುತ್ತಾರೆಂದು ಕೊರಿಯರ್ ಕಚೇರಿಯಲ್ಲಿ ಪಾರ್ಸಲ್ ವಿಂಗಡಿಸುವ ಆ ತರುಣ ಗಟ್ಟಿಯಾಗಿ ನಂಬಿದ್ದ. ಹಾಗಾಗಿ ಸೋದರತ್ತೆಯ ಹಳೆಯ ಫೋಟೊ ಹಿಡಿದು ಅವಳ ಜೊತೆ ಆಸ್ಪತ್ರೆಗೆ ಹೋದವನು, ಇದೇ ಬಣ್ಣದ್ದು ಸಿಗಬಹುದೇ ಎಂದು ಡಾಕ್ಟರಮ್ಮನನ್ನು ಕೇಳಿದ. ಇದು ಅಂಗಿಗೆ ಗುಂಡಿ ಹೊಂದಿಸುವ ಅಂಗಡಿಯಲ್ಲ ಎಂದರು ಆಕೆ. ಹಾಗೇ ಇವನ ತಲೆಯೂ ಬದಲಾಗುತ್ತದೆಯೇ ನೋಡಿ ಎಂದಳು ಅತ್ತೆ.

ಗಂಡ ತೀರಿಕೊಂಡ ತಿಂಗಳಲ್ಲೇ ಅವನ ಕ್ಷೌರದಂಗಡಿಯ ಬಾಗಿಲು ತೆಗೆದವಳು ಅವಳು. ಹೆಂಗಸಿನ ಕೈಗೆ ಗಡ್ಡ ಕೊಡುವುದುಂಟೇ ಎಂದವರೇ ಬರಬರುತ್ತ ಅವಳ ಕತ್ತಿಯ ಕೆಳಗೆ ಗೊರಕೆ ಹೊಡೆದರು. ಆಮೇಲೆ ಕೂದಲಿನ ಚೂರೊಂದು ಎಡಗಣ್ಣಿಗೆ ಚುಚ್ಚಿ, ಹುಣ್ಣಾಗಿ, ಹೂ ಬಿತ್ತು. ಅದರ ಹಿಂದೆ ಪೊರೆಯೂ ಬೆಳೆಯಿತು. ಬಲಗಣ್ಣೊಂದನ್ನೇ ನೆಚ್ಚಿ ಗಿರಾಕಿಯೊಬ್ಬನ ಕಿವಿಗೆ ಗಾಯ ಮಾಡಿದ ದಿನ ಮೈದುನ ಕುರ್ಚಿಯ ಹಿಂದೆ ಬಂದು ನಿಂತ. ಅತ್ತೆಯ ಕೈಗೆ ಪೊರಕೆ ಬಂತು.

ಡಾಕ್ಟರಮ್ಮ ಎರಡನ್ನೂ ಒಂದೇ ಸಲ ಮುಗಿಸಿದರು: ಹೂ ಬಿದ್ದು ಮಾಸಿದ ಕಾರ್ನಿಯಾ ಎಂಬ ಮೇಲ್ಪದರವನ್ನಷ್ಟೇ ತೆಗೆದು, ಪೊರೆಗಟ್ಟಿದ ಮಸೂರದ ಜಾಗಕ್ಕೆ ಕೃತಕ ಮಸೂರವಿಟ್ಟು, ಸತ್ತವರೊಬ್ಬರು ದಾನ ಕೊಟ್ಟ ತಿಳಿಯಾದ ಕಾರ್ನಿಯಾವನ್ನು ಕೂದಲಿಗಿಂತ ಸಣ್ಣ ದಾರದಲ್ಲಿ ಹೊಲಿದರು. ನೋಟ ಆಮೆಯ ಹಾಗೆ ನಿಧಾನಕ್ಕೆ ಬಂತು. ವರ್ಷ ಕಳೆದ ಮೇಲೆ ಹೊಲಿಗೆ ಬಿಚ್ಚಿ, ಕನ್ನಡಕ ಕೊಟ್ಟು, ಇನ್ನು ಕತ್ತಿ ಹಿಡಿಯಬಹುದು ಎಂದರು.

ಮೈದುನ ಒಪ್ಪಲಿಲ್ಲ. ಕಸುಬು ಕಲಿಯುವವರು ಬಲೂನಿಗೆ ನೊರೆ ಬಳಿದು, ಒಡೆಯದಂತೆ ಕ್ಷೌರ ಮಾಡಬೇಕೆಂಬುದು ಆ ಅಂಗಡಿಯ ರೂಢಿ. ಅತ್ತಿಗೆಯೂ ಮಾಡಿ ತೋರಿಸಲಿ ಎಂದು ಬಲೂನು ಊದಿಟ್ಟ. ಅವನಿಗೆ ಬಲೂನು ಕೊಟ್ಟು ಕಲಿಸಿದವಳೇ ಅವಳು. ಕತ್ತಿಯ ತುದಿಯಿಂದ ಬೇಕೆಂದೇ ಚುಚ್ಚಿ ಒಡೆದಳು.

"ಬಲೂನಿಗೆ ಗಡ್ಡ ಬೆಳೆಯಲ್ಲ ಕಣಪ್ಪ. ನಿಂಗೆ ಬೆಳೆದಿದೆ. ಕೂತ್ಕೋ."

ಮೈದುನ ಕುರ್ಚಿ ಬಿಟ್ಟು ಗೋಡೆಗೆ ಅಂಟಿದ. ನಮ್ಮ ಪಾರ್ಸಲ್ ವೀರ ಎದೆಯುಬ್ಬಿಸಿ ತಾನೇ ಹೋಗಿ ಕೂತ. ಅತ್ತೆ ಅವನ ಗದ್ದ ಸವರಿ, ನಾಲ್ಕು ಕೂದಲಿಗೆ ನೊರೆ ದಂಡ ಎಂದು ಎಬ್ಬಿಸಿ, ಬೆಂಚಿನ ಮೇಲೆ ಪೇಪರಿನ ಹಿಂದೆ ಅಡಗಿದ್ದ ಬೇಕರಿಯವನನ್ನು ಕರೆದು ಕೂರಿಸಿದಳು. ಬೀದಿಯವರು ಬಾಗಿಲಿಗೆ ಮುತ್ತಿದರು. ಒಂದು ಹನಿ ರಕ್ತ ಕಂಡರೂ ಮತ್ತೆ ಪೊರಕೆಯೇ ಗತಿ ಎಂಬುದು ಎಲ್ಲರಿಗೂ ಗೊತ್ತಿತ್ತು, ಅವಳಿಗೂ. ಕೆನ್ನೆಗಳೆರಡೂ ನುಣ್ಣಗಾದವು. ಕತ್ತಿ ಗಂಟಲಿಗೆ ಇಳಿದಾಗ ಬೇಕರಿಯವನ ಬಾಯಿ ಸುಮ್ಮನಿರಲಿಲ್ಲ.

"ಅಕ್ಕ, ಸತ್ತವರ ಕಣ್ಣಲ್ಲಿ ನೋಡ್ತಾ ಕತ್ತಿ ಹಿಡಿದಿದ್ದೀಯಲ್ಲ, ಹೆದರಿಕೆ ಆಗಲ್ವಾ?"

"ಕತ್ತಿ ಇರೋದು ನಿನ್ನ ಗಂಟಲ ಮೇಲೆ. ಹೆದರೋ ಕೆಲಸ ನಿಂದು. ಗದ್ದ ಎತ್ತು."