ಖಾಲಿ ತಟ್ಟೆಗಿಂತ ಕಡಿಮೆ

ನನ್ನ ಮಾತನ್ನು ನಮ್ಮವ್ವನೇ ನಂಬುವುದಿಲ್ಲ. ಊರ ಮಂದಿಯ ದನಿಯನ್ನೆಲ್ಲ ಅಣಕಿಸುವವನನ್ನು ಯಾರು ನಂಬುತ್ತಾರೆ? ಆದರೂ ಹೋದ ವರ್ಷ ಜೈನಾಪುರದಲ್ಲಿ ಇದು ನಡೆದದ್ದು ಖರೆ. ಇದರಲ್ಲಿ ಚೂರೂ ನಕಲಿಯಿಲ್ಲ.

ದೂರದ ದೇಶದವರು ಅಣುಬಾಂಬು ಸಿಡಿಸಿ ನೋಡುತ್ತಿದ್ದ ಕಾಲ. ಅದರ ವಿಷ ಮಳೆಯೊಡನೆ ನಮ್ಮಲ್ಲೂ ಬಿದ್ದಿದೆಯೇ ಎಂದು ನಾವು ನೀರು ಅಳೆಯುತ್ತಿದ್ದೆವು. ನಾವು ಅಂದರೆ ದೇಸಾಯಿ ಸಾಹೇಬರು, ಮತ್ತು ಅವರ ಸ್ಟೋವ್ ಹೊರುವ ಮಹಾವಿಜ್ಞಾನಿ ನಾನು. ಭೂತನಾಳದ ಕೆರೆ ಮುಗಿಸಿ, ಬಬಲೇಶ್ವರ ದಾಟಿ ಜೈನಾಪುರ ಮುಟ್ಟಿದಾಗ ಸಂಜೆ. ಬಾವಿಯ ಪಕ್ಕದ ಶಾಲೆಯಲ್ಲಿ ತಂಗಿದೆವು.

ಎದುರು ಮನೆಯ ನೀಲವ್ವ ಮೊಮ್ಮಗನನ್ನು ಎತ್ತಿಕೊಂಡು ಬಂದಳು. “ಯಪ್ಪಾ, ನಮಗ ಇದೊಂದ ಸಿಹಿನೀರಿನ ಬಾವಿ. ಕೂಸಿಗೆ ಕುಡಸಬೇಕೋ ಬ್ಯಾಡೋ, ಮುಂಜಾನಿ ಹೇಳ್ರಿ. ಅಲ್ಲೀತನಕ ಹಾಲಿನ ಮ್ಯಾಲ ಇಡತೀನಿ.”

ನೀರನ್ನು ತಟ್ಟೆಯಲ್ಲಿ ಬತ್ತಿಸಿ, ಉಳಿದ ಉಪ್ಪನ್ನು ವಿಕಿರಣ ಎಣಿಸುವ ಯಂತ್ರದ ಕೆಳಗಿಡಬೇಕು. ಅದಕ್ಕೂ ಮೊದಲು ಖಾಲಿ ತಟ್ಟೆ ಇಟ್ಟು ನೋಡಬೇಕು. ಖಾಲಿ ತಟ್ಟೆಗೂ ಯಂತ್ರ ಟಿಕ್... ಟಿಕ್... ಅನ್ನುತ್ತದೆ. ಮಣ್ಣು, ಗೋಡೆ, ಆಕಾಶ, ಎಲ್ಲದರಲ್ಲೂ ವಿಕಿರಣ ಅಷ್ಟಿಷ್ಟು ಇದ್ದೇ ಇದೆ. ನಾನೂ ನಾಲಿಗೆಯಿಂದ ಟಿಕ್ ಅಂದೆ.

“ಲೇ ಮಂಗ್ಯಾ, ನಿನ್ನನ್ನೂ ಎಣಸಲೇನ?” ಎಂದರು ಸಾಹೇಬರು.

ರಾತ್ರಿ ಸ್ಟೋವಿನ ಮೇಲೆ ಬಾವಿಯ ನೀರು ಬತ್ತಿತು. ಸೀಮೆಎಣ್ಣೆಯ ನಾತ, ಸುಟ್ಟ ಉಪ್ಪಿನ ಘಾಟು... ಸಾಹೇಬರು ತಟ್ಟೆಯನ್ನು ಯಂತ್ರದಡಿ ಸರಿಸಿದರು.

ಯಂತ್ರ ಸುಮ್ಮನಾಯಿತು.

“ಬ್ಯಾಟರಿ ಹೋತೇನ್ರಿ?”

ತಟ್ಟೆ ತೆಗೆದರು. ಟಿಕ್... ಟಿಕ್... ಮತ್ತೆ ಇಟ್ಟರು. ಏನೂ ಇಲ್ಲ.

“ಹೆಚ್ಚಾದ್ರ ವಿಷ ಅನ್ನಬಹುದು,” ಸಾಹೇಬರು ಪಿಸುಗುಟ್ಟಿದರು. “ಖಾಲಿ ತಟ್ಟಿಗಿಂತ ಕಡಿಮಿ ಹೆಂಗ ಆಕ್ಕೈತೋ?”

ಅವರನ್ನು ನಗಿಸಲೆಂದು ತಟ್ಟೆಯ ಮೇಲೆ ಬಾಗಿ ನಾಲಿಗೆ ಬಡಿದೆ. ನಾಲಿಗೆ ಅಂಗುಳಕ್ಕೆ ತಗುಲಿದ್ದು ಗೊತ್ತಾಯಿತು... ಸದ್ದು ಬರಲಿಲ್ಲ. ಕೂಗಿದೆ. ಗಂಟಲು ನಡುಗಿತು, ಅಷ್ಟೇ. ಸಾಹೇಬರು ನನ್ನ ಅಂಗಿ ಹಿಡಿದು ಹಿಂದಕ್ಕೆ ಎಳೆದಾಗ, ಆ ಕೂಗಿನ ಬಾಲ ಮಾತ್ರ ಶಾಲೆಯ ತುಂಬ ಕೇಳಿಸಿತು.

ಬೆಳಗಿನವರೆಗೆ ಇಬ್ಬರೂ ಗೋಡೆಗೆ ಬೆನ್ನು ಹಚ್ಚಿ ಕೂತೆವು.

ನೀಲವ್ವ ಬಾವಿಯಿಂದ ತಂಬಿಗೆ ತುಂಬಿಕೊಂಡೇ ಬಂದಳು. ಕೂಸು ಹೋ ಎಂದು ಅಳುತ್ತಿತ್ತು. “ಏನಂತೈತ್ರಿ ನಿಮ್ಮ ಮಷೀನು?”

ಸಾಹೇಬರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

“ಏನೂ... ಇಲ್ಲವ್ವಾ ಅದರಾಗ,” ಅಂದರು. ಸುಳ್ಳೇನಲ್ಲ.

ಆಕೆ ಅಲ್ಲೇ ಒಂದು ಗುಟುಕು ಕುಡಿಸಿದಳು. ಅಳು ಕತ್ತರಿಸಿದಂತೆ ನಿಂತಿತು.

“ನೀರಡಿಕಿ ಆಗಿತ್ತ ನೋಡ್ರಿ, ನನ ಬಂಗಾರದ ಕೂಸಿಗೆ!” ನೀಲವ್ವ ನಕ್ಕಳು.

ಕೂಸಿನ ಬಾಯಿ ತೆರೆದೇ ಇತ್ತು. ಕಣ್ಣೀರು ಇಳಿಯುತ್ತಲೇ ಇತ್ತು...

ಮೊನ್ನೆ ಬಬಲೇಶ್ವರದ ಸಂತೆಯಲ್ಲಿ ನೀಲವ್ವ ಕಂಡಳು, ಕಂಕುಳಲ್ಲಿ ಮೊಮ್ಮಗ. ಅವನಿಗೆ ಮಾತು ಬಂದಿದೆಯೇ ಎಂದು ಕೇಳಬೇಕಿತ್ತು. ಗುಂಪಿನಲ್ಲಿ ಸರಿದುಬಿಟ್ಟೆ.