ಗಿರಿಜಕ್ಕನ ಮಧ್ಯಾಹ್ನದ ಪರೀಕ್ಷೆ

ಯಾರನ್ನಾದರೂ ಕೆಲಸದಿಂದ ತೆಗೆಸಲು ಹೋದ ದಿನ ಗಿರಿಜಕ್ಕ ಒಬ್ಬರೇ ವಾಪಸು ಬರುತ್ತಿರಲಿಲ್ಲ. ಕೆಲಸ ಕಳೆದುಕೊಂಡವರೂ ಚೀಲ ಹಿಡಿದು ಅವರ ಹಿಂದೆಯೇ ಮೆಟ್ಟಿಲು ಹತ್ತುತ್ತಿದ್ದರು. ಕುಮಟಾದ ಬೇಕರಿಯೊಂದರ ಮೇಲಿನ ಎರಡು ಕೋಣೆ ಅವರ ಆಫೀಸು. ಕಂಪನಿಗಳಿಗೆ ಯಾರು ಬೇಕು, ಯಾರು ಬೇಡ ಎಂದು ಸಲಹೆ ಕೊಡುವ ಎಚ್.ಆರ್. ಕನ್ಸಲ್ಟೆಂಟ್ ಅವರು. ಬೇಡ ಎಂದವರನ್ನೆಲ್ಲ ತಾವೇ ಇಟ್ಟುಕೊಳ್ಳುತ್ತಿದ್ದರು. ನಾನು ಸಹಾಯಕನಾಗಿ ಸೇರುವ ಹೊತ್ತಿಗೆ ಅಂಥವರು ಏಳು ಜನ ಆಗಿದ್ದರು.

ಅವರ ಪರೀಕ್ಷೆ ಸರಳವಾಗಿತ್ತು. ಬೆಳಿಗ್ಗೆ ಕೆಲಸಕ್ಕೆ ಬಂದವರನ್ನು ಬಾಗಿಲಲ್ಲೇ ಮನೆಗೆ ಕಳಿಸಬೇಕು, ಯಾರಿಗೂ ಹೇಳಬಾರದು. ಮಧ್ಯಾಹ್ನದ ಊಟದೊಳಗೆ ‘ಅವರೆಲ್ಲಿ?’ ಎಂದು ಯಾರಾದರೂ ಕೇಳಿದರೆ ಆ ಕೆಲಸ ಬೇಕು, ಕೇಳದಿದ್ದರೆ ಬೇಡ. ಪರೀಕ್ಷೆ ನಡೆಸುತ್ತ ಕೂತು ಬರೆದುಕೊಳ್ಳುವವನು ಕೇಳಿದ್ದು ಲೆಕ್ಕಕ್ಕಿಲ್ಲ. ನಾನು ಓದಿದ ಎಂ.ಬಿ.ಎ. ಪುಸ್ತಕಗಳಲ್ಲಿ ಇದೆಲ್ಲ ಇಲ್ಲ ಎಂದಿದ್ದಕ್ಕೆ, “ಆ ಪುಸ್ತಕ ಬರ್ದವ್ರನ್ನ ಒಂದಿನ ಮನೆಗೆ ಕಳ್ಸಿ ನೋಡಿದ್ಯಾ ಮಾರಾಯಾ?” ಎಂದು ಬಾಯಿ ಮುಚ್ಚಿಸಿದರು.

ನಾಗಪ್ಪ ತದಡಿಯ ಐಸ್ ಫ್ಯಾಕ್ಟರಿಯಲ್ಲಿ ವಾಚ್‌ಮನ್ ಆಗಿದ್ದವನು, ಹಾಡಹಗಲೇ ಗೊರಕೆ ಹೊಡೆಯುತ್ತಿದ್ದ. “ಐಸು ಕದ್ದವ ಮನೆ ಮುಟ್ಟೋದ್ರೊಳಗೆ ಅದು ನೀರಾಗ್ತದೆ. ಅಲ್ಲಿ ಕಾಯೂಕೆ ಎಂತ ಉಂಟು?” ಎಂದು ಗಿರಿಜಕ್ಕ ಅವನನ್ನು ತಂದು ನಮ್ಮ ಬಯೋಡೇಟಾಗಳ ಕಪಾಟಿಗೆ ಕಾವಲು ಕೂರಿಸಿದರು. ಇಸ್ಮಾಯಿಲ್ ಭಾಯಿ ಭಟ್ಕಳದ ಬಟ್ಟೆ ಅಂಗಡಿಯಲ್ಲಿ “ಈ ಬಣ್ಣ ನಿಮಗೆ ಒಪ್ಪೂದಿಲ್ಲ” ಎಂದು ಗಿರಾಕಿಗಳನ್ನು ಬರಿಗೈಯಲ್ಲಿ ಕಳಿಸುತ್ತಿದ್ದವರು. ಅವರಿಗೆ ಇಂಟರ್‌ವ್ಯೂ ಮಾಡುವ ಕೆಲಸ ಸಿಕ್ಕಿತು. “ಈ ನೌಕರಿ ನಿಮಗೆ ಒಪ್ಪೂದಿಲ್ಲ” ಎಂದು ಅವರ ಬಾಯಲ್ಲಿ ಕೇಳಿದವರು ಕೈಮುಗಿದು ಹೋಗುತ್ತಿದ್ದರು.

ಒಂದು ದಿನ ಹೊನ್ನಾವರದ ಹೋಟೆಲ್ ಮಾಲೀಕರೊಬ್ಬರು ಬಂದು, ನಮ್ಮ ತಲೆಗಳನ್ನು ಎಣಿಸಿ ನಕ್ಕರು. “ನಿಮ್ಮಲ್ಲೇ ಜನ ಹೆಚ್ಚಾಯ್ತಲ್ಲ ಅಕ್ಕಾ. ಪರೀಕ್ಷೆ ಮಾಡಿ ಒಬ್ಬರನ್ನಾದ್ರೂ ತೆಗ್ದು ವರದಿ ತೋರ್ಸಿ, ನಮ್ಮ ಕೆಲಸ ನಿಮಗೇ.” ಆಗ ನಮ್ಮ ಕೈಯಲ್ಲಿ ಬೇರೆ ಕೆಲಸವಿರಲಿಲ್ಲ. ಇದೂ ತಪ್ಪಿದರೆ ಆಫೀಸಿಗೆ ಬೀಗ, ಎಲ್ಲರೂ ಬೀದಿಗೆ.

“ನೀನೇ ಪರೀಕ್ಷೆ ಮಾಡು,” ಎಂದರು ಗಿರಿಜಕ್ಕ. “ನನ್ನನ್ನೂ ಸೇರ್ಸು.”

ನಾಗಪ್ಪನನ್ನು ಕಳಿಸಿದ ದಿನ ಹತ್ತು ಗಂಟೆಗೇ ಬೇಕರಿಯವನು ಮೇಲೆ ಬಂದ. “ನಾಗಪ್ಪ ಎಲ್ಲಿ? ಗೊರಕೆ ಕೇಳೂದಿಲ್ಲ, ಆಫೀಸಿಗೆ ರಜೆಯಾ?” ಇಸ್ಮಾಯಿಲ್ ಭಾಯಿ ಇಲ್ಲದ ದಿನ ಇಬ್ಬರು ಅಭ್ಯರ್ಥಿಗಳು, ಬೇಡ ಅನ್ನಿಸಿಕೊಳ್ಳುವುದಾದರೆ ಅವರಿಂದಲೇ ಅನ್ನಿಸಿಕೊಳ್ಳುತ್ತೇವೆ ಎಂದು ಹಟ ಹಿಡಿದು ಕೂತರು. ಹೀಗೆ ಏಳೂ ಜನ ಪಾಸಾದರು.

ಕೊನೆಗೆ ಗಿರಿಜಕ್ಕನ ಸರದಿ. ಆ ದಿನ ಯಾರೂ ಅವರನ್ನು ಕೇಳಲಿಲ್ಲ. ಫೋನುಗಳಿಗೆ ಅವರವರೇ ಉತ್ತರ ಕೊಟ್ಟರು. ನಾನಂತೂ ಬೆಳಗಿನಿಂದ ಬಾಗಿಲು ನೋಡಿದ್ದೇ ನೋಡಿದ್ದು, ಆದರೆ ನನ್ನದು ಲೆಕ್ಕಕ್ಕಿಲ್ಲ. ಒಂದು ಗಂಟೆಗೆ ಎಲ್ಲರೂ ಊಟದ ಡಬ್ಬಿ ಬಿಚ್ಚಿದಾಗ ನನಗೆ ಏಳೂ ಜನರ ಮೇಲೆ ಕೆಟ್ಟ ಸಿಟ್ಟು ಬಂತು. ಸಂಜೆ ಎಲ್ಲರೂ ಹೋದ ಮೇಲೆ ಗಿರಿಜಕ್ಕ ಬಂದು, ಬೇಡ ಎಂದು ತಮ್ಮೊಬ್ಬರ ಹೆಸರೇ ಇದ್ದ ವರದಿ ಓದಿದರು.

“ನೀ ಸಮಾ ಬರ್ದೆ. ಆತು,” ಎಂದು ಬೀಗದಕೈ ನನ್ನ ಕೈಗಿಟ್ಟು, ಮಂಕಿಯಲ್ಲಿದ್ದ ತಂಗಿಯ ಮನೆಗೆ ಹೊರಟೇಬಿಟ್ಟರು.

ಮರುದಿನ ಬೆಳಿಗ್ಗೆ ಒಬ್ಬರಾದ ಮೇಲೊಬ್ಬರು ಅಕ್ಕ ಎಲ್ಲಿ ಎಂದು ಕೇಳತೊಡಗಿದರು. ನನಗೆ ರೇಗಿಹೋಯಿತು. “ನಿನ್ನೆ ಎಂತಕ್ಕೆ ಕೇಳ್ಲಿಲ್ಲ?”

“ನಿನ್ನೆ ಬರೂದಿಲ್ಲ ಅಂತ ಮೊನ್ನೆಯೇ ಫೋನ್ ಮಾಡಿ ಹೇಳಿದ್ರಲ್ಲ,” ಎಂದರು ಇಸ್ಮಾಯಿಲ್ ಭಾಯಿ. “ನನ್ನ ಸುದ್ದಿ ಎತ್ತಬೇಡಿ, ಕೆಲಸ ನೋಡಿ ಅಂದ್ರು. ಏಳೂ ಜನಕ್ಕೂ ಮಾಡಿದ್ರು.”

ವರದಿ ಹಿಡಿದು ಮಂಕಿಯ ಬಸ್ಸು ಹತ್ತಿದೆ. ಗಿರಿಜಕ್ಕ ಅಂಗಳದಲ್ಲಿ ತೆಂಗಿನ ಗರಿ ಸೀಳುತ್ತ ಕೂತಿದ್ದರು.

“ನಿಮ್ಮ ನಿಯಮ ನೀವೇ ಮುರಿದಿರಿ. ಇದನ್ನು ತಿದ್ದುತ್ತೇನೆ,” ಎಂದೆ.

“ತಿದ್ದು,” ಎಂದರು, ಕೈಯ ಕತ್ತಿ ನಿಲ್ಲಿಸದೆ. “ನನ್ನ ಹೆಸರು ಹೊಡ್ದು ಹಾಕಿ ಯಾರ ಹೆಸರು ಬರೀತೆ ನೀ? ಹೇಳು.”

ಕಣ್ಣೊರೆಸಿಕೊಂಡು ವರದಿಯನ್ನು ಮಡಚಿ ಜೇಬಿಗಿಟ್ಟೆ. ಅವರು ಒಳಗೆ ಹೋಗಿ ಚಾ ತಂದುಕೊಟ್ಟರು. ನಾನು ಅವರನ್ನು ಕಂಡದ್ದು ಅದೇ ಕೊನೆ.

ವಾಪಸಾಗುವಾಗ ಹೊನ್ನಾವರದಲ್ಲಿ ಇಳಿದು, ಒಂದಕ್ಷರ ತಿದ್ದದೆ ವರದಿಯನ್ನು ಹೋಟೆಲಿನಲ್ಲಿ ಕೊಟ್ಟೆ. ನಾವು ಎಂಟೂ ಜನ ಇಂದಿಗೂ ಕೆಲಸದಲ್ಲಿದ್ದೇವೆ.